ತುಂಬಿಸುವ ಕೈ, ಚುಚ್ಚುವ ಕೈ

ಶಿಡ್ಲಘಟ್ಟ
೧೨-೬-೧೯೫೯

ಪ್ರೀತಿಯ ರತ್ನ,

ಕೆಲಸಕ್ಕೆ ಸೇರಿ ಕಾಗದವನ್ನೇ ಬರೆಯಲಿಲ್ಲವೆಂದು ನೀನು ಬಯ್ಯುವ ಮೊದಲೇ ಬರೆಯುತ್ತಿದ್ದೇನೆ. ಬಸ್ಸಿನಿಂದ ಇಳಿದ ಕೂಡಲೇ ಇಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯುತ್ತದೆ. ಮೊದಲ ದಿನ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಓಡಾಡಿದೆ. ಈಗ ನನ್ನ ಸೀರೆಗೂ ತಲೆಗೂದಲಿಗೂ ಅದೇ ವಾಸನೆ ಹತ್ತಿರುವುದರಿಂದ ಗೊತ್ತೇ ಆಗುವುದಿಲ್ಲ.

ಆಸ್ಪತ್ರೆ ಚಿಕ್ಕದು. ಗೂಡಿನ ವ್ಯಾಪಾರದಲ್ಲಿ ಮೇಲೆ ಬಂದ ನಲ್ಲಪ್ಪನವರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಧರ್ಮಾಸ್ಪತ್ರೆ. ಡಾಕ್ಟರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಹೋಗುತ್ತಾರೆ. ಪರೀಕ್ಷೆ ಪಾಸಾದ ನರ್ಸು ನಾನೊಬ್ಬಳೇ. ನಮ್ಮಪ್ಪ ಮೊನ್ನೆ ಚಿಂತಾಮಣಿ ಕಡೆಯ ಬಸ್ಸಿನಲ್ಲಿ ಬಂದು, ಒಳಗೆ ಬಾ ಎಂದರೂ ಬಾರದೆ, ಗೇಟಿನ ಹೊರಗೆ ಹುಣಸೇಮರದ ಕೆಳಗೆ ನಿಂತು ನನ್ನ ಬಿಳಿ ಟೋಪಿಯನ್ನು ಕಣ್ತುಂಬ ನೋಡಿಕೊಂಡು ಹೋದರು.

ಇಷ್ಟು ಸಂತೋಷದ ಸಮಾಚಾರ. ಇನ್ನು ನನ್ನ ಹೊಟ್ಟೆಕಿಚ್ಚು ಕೇಳು. ಇಲ್ಲಿ ನಾನು ಯಾರಿಗೂ ಇಂಜೆಕ್ಷನ್ ಕೊಡುವ ಹಾಗಿಲ್ಲ! ಸಿರಿಂಜು ಕುದಿಸುವವಳು ನಾನು, ಔಷಧಿ ತುಂಬಿಸುವವಳು ನಾನು. ತಟ್ಟೆಯಲ್ಲಿಟ್ಟ ಮೇಲೆ ಅನಸೂಯಮ್ಮ ಎಂಬಾಕೆ ಬಂದು ಅದನ್ನು ತೆಗೆದುಕೊಂಡು ಹೋಗಿ ಚುಚ್ಚಿ ಬರುತ್ತಾರೆ. ಈಕೆ ನಲ್ಲಪ್ಪನವರಿಗೆ ದೂರದ ನೆಂಟರು, ಗಂಡ ಇಲ್ಲ, ಮೊದಲಿನಿಂದ ಇಲ್ಲೇ ಆಯಾ. ಓದು ಬರಹ ಇಲ್ಲ. ಒಳ್ಳೆಯ ಹೆಂಗಸು, ಅದು ಬೇರೆ ಮಾತು. ಕುಡಿಯುವ ಮಿಕ್ಸ್ಚರಾದರೂ ಅಷ್ಟೇ, ಅಳೆಯುವುದು ನಾನು, ನೀರು ಬೆರೆಸಿ ಕುಡಿಸುವುದು ಅವರು. ನಾನು ಜ್ವರ ನೋಡಬಹುದು, ಗಾಯ ತೊಳೆಯಬಹುದು, ಕಕ್ಕಿದ್ದನ್ನು ಬಾಚಬಹುದು. ಬಾಯಿಗೆ ಹೋಗುವುದು, ಮೈಯೊಳಗೆ ಹೋಗುವುದು ಮಾತ್ರ ಅನಸೂಯಮ್ಮನ ಕೈಯಿಂದಲೇ ಹೋಗಬೇಕು.

ತುಂಬಿಸಿದ ಕೈಯೇ ಚುಚ್ಚಬೇಕು ಎಂದು ನರ್ಸಿಂಗ್ ಸ್ಕೂಲಿನ ಟ್ಯೂಟರ್ ಸಿಸ್ಟರ್ ನಮ್ಮ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದು ನೆನಪಿದೆಯಲ್ಲ? ನಲ್ಲಪ್ಪನವರಿಗೆ ಅದನ್ನೇ ಹೇಳಿದೆ. “ಓದಿದ್ದು ಓದಿದ್ದೇ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಕೈಗುಣ ಅನ್ನೋದು ಪುಸ್ತಕದಲ್ಲಿ ಬರಲ್ಲ. ಅನಸೂಯಮ್ಮನ ಕೈಗುಣ ಚೆನ್ನಾಗೈತೆ. ಜನ ಅವಳನ್ನೇ ಕೇಳ್ತಾರೆ,” ಎಂದು ನಗುತ್ತಲೇ ಹೇಳಿ ಕಳಿಸಿದರು.

ನಿನಗೆ ಅಲ್ಲಿ ಹೇಗಿದೆ, ಬರೆ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಅಶ್ವತ್ಥಮ್ಮ


ಗೌರಿಬಿದನೂರು
೨೮-೬-೧೯೫೯

ಅಶ್ವತ್ಥ,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಸಾಕಾಯಿತು ಕಣೇ. ಬೇರೆಯವರಾಗಿದ್ದರೆ ಕೆಲಸ ಕಡಿಮೆಯಾಯಿತಲ್ಲ ಎಂದು ಕಾಲು ಚಾಚಿ ಕೂರುತ್ತಿದ್ದರು. ನೀನು ಯಜಮಾನರ ಹತ್ತಿರವೇ ಹೋಗಿ ಜಗಳ ತೆಗೆದಿದ್ದೀಯ!

ತಪ್ಪು ತಿಳಿಯಬೇಡ, ನಿನ್ನ ಮುಖ ನೋಡಿದರೆ ಯಾರಿಗೆ ತಾನೇ ತೋಳು ಚಾಚುವ ಧೈರ್ಯ ಬರುತ್ತದೆ? ಸಿರಿಂಜು ಹಿಡಿದು ದಫೇದಾರನ ಹಾಗೆ ನಿಂತಿರುತ್ತೀ. ಸ್ವಲ್ಪ ನಗು. “ನೋವಾಗಲ್ಲಮ್ಮ, ಇರುವೆ ಕಚ್ಚಿದಂಗೆ ಅಷ್ಟೇ” ಎಂದು ನಾಲ್ಕು ಮಾತಾಡು. ಕೈಗುಣ ಎಲ್ಲಿಗೆ ಹೋಗುತ್ತದೆ, ತಾನೇ ಹುಡುಕಿಕೊಂಡು ಬರುತ್ತದೆ. ನನ್ನದೇ ನೋಡು. ಲಕ್ಷ್ಮಿದೇವಮ್ಮ ಡಾಕ್ಟರ ಈ ಪುಟ್ಟ ನರ್ಸಿಂಗ್ ಹೋಮಿಗೆ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವ ಹೆಂಗಸರೆಲ್ಲ “ರತ್ನಮ್ಮನೇ ಹಾಕ್ಲಿ, ಅವರ ಕೈಗುಣ ಒಳ್ಳೇದು” ಎನ್ನುತ್ತಾರೆ. ಔಷಧಿಯನ್ನು ಕೆಲವು ಸಲ ಡಾಕ್ಟರೇ ತುಂಬಿಸಿರುತ್ತಾರೆ, ಕೆಲವು ಸಲ ಇನ್ನೊಬ್ಬ ನರ್ಸು. ನಾನು ಸುಮ್ಮನೆ ಹೋಗಿ ಹಾಕಿ ಬರುತ್ತೇನೆ. ಇದುವರೆಗೆ ಏನೂ ಆಗಿಲ್ಲ. ಟ್ಯೂಟರ್ ಸಿಸ್ಟರಿಗೆ ಹೇಳಿಬಿಡಬೇಡ ಮತ್ತೆ!

ಅಮ್ಮ ನಿನ್ನನ್ನು ಕೇಳುತ್ತಲೇ ಇರುತ್ತಾಳೆ. ಆ ದಸರಾ ರಜೆಯಲ್ಲಿ ನಮ್ಮ ಕಳವಾರಕ್ಕೆ ಬಂದಿದ್ದೆಯಲ್ಲ, ಬೆಟ್ಟದ ಗಾಳಿಗೆ ಜಗಲಿಯ ಮೇಲೆ ಕೂತು, ಹೊಸ ಮುತ್ತುಗದ ಎಲೆಯಲ್ಲಿ ಒಬ್ಬಳೇ ಮಹಾರಾಣಿಯ ಹಾಗೆ ಉಂಡೆ. ನಮಗೆಲ್ಲ ಒಳಗೆ ಹೊಗೆಯಲ್ಲಿ ಅದೇ ಹಳೇ ತಟ್ಟೆ. ನನಗೆ ಆವತ್ತು ಹೊಟ್ಟೆಯುರಿದು ಹೋಗಿತ್ತು. ಈ ಸಲವೂ ಬಾ, ಅಮ್ಮನಿಗೆ ಹೇಳಿ ಒಬ್ಬಟ್ಟು ಮಾಡಿಸುತ್ತೇನೆ.

ನಿನ್ನ
ರತ್ನ


ಶಿಡ್ಲಘಟ್ಟ
೨೦-೮-೧೯೫೯

ರತ್ನ,

ನೀನು ಹೇಳಿದೆಯೆಂದು ನಕ್ಕು ನೋಡಿದೆ. ವಾರ್ಡಿನಲ್ಲಿ ಒಬ್ಬ ಮುದುಕಿ “ಏನಿವಳಿಗೆ, ನಮ್ಮನ್ನು ನೋಡಿ ಹಲ್ಲು ಕಿರೀತಾಳೆ” ಎಂದರು. ನಗುವುದನ್ನು ಬಿಟ್ಟೆ.

ನೂಲು ತೆಗೆಯುವ ಸಾಬರ ಮನೆಯ ಒಬ್ಬ ಹೆಂಗಸು ಬಂದು ಸೇರಿದ್ದರು, ಕುದಿಯುವ ಗೂಡಿನ ನೀರು ಕೈಮೇಲೆ ಚೆಲ್ಲಿಕೊಂಡು. ಆಕೆ “ನೀವೇ ಕೊಡಿ ನರ್ಸಮ್ಮ, ಎಷ್ಟೊತ್ತು ಕಾಯೋದು” ಎಂದು ನನ್ನ ಕೈಯಿಂದಲೇ ಮಾತ್ರೆಯನ್ನೂ ನೀರನ್ನೂ ಇಸಿದುಕೊಂಡರು. ಆಕೆಗೆ ನನ್ನ ಕೈಗುಣ ಆಗಿ ಬಂತು. ಆಕೆ ವಾಸಿಯಾಗಿ ಮನೆಗೂ ಹೋದರು. ಉಳಿದವರಿಗೆ ಮಾತ್ರ ಅದೇಕೆ ಆಗಿ ಬರುವುದಿಲ್ಲ ಎಂದು ನೀನು ಒಂದು ಗಳಿಗೆ ಕೂತು ಯೋಚಿಸು.

ನನಗೆ ಹಗಲೂ ರಾತ್ರಿ ಒಂದೇ ಹೆದರಿಕೆ. ಅನಸೂಯಮ್ಮ ಮುಖ ನೋಡಿ ಔಷಧಿ ಕೊಡುವವರಲ್ಲ, ಮಂಚ ನೋಡಿ ಕೊಡುವವರು. ಗೋಡೆ ಪಕ್ಕದ ಮಂಚಕ್ಕೆ ಇದು, ಕಿಟಕಿ ಪಕ್ಕದ ಮಂಚಕ್ಕೆ ಅದು. ಹೆಸರು ಕೇಳಿ ಎಂದರೆ, “ಅಯ್ಯೋ, ದಿನಾ ನೋಡೋ ಜನಾನ ಹೆಸರು ಕೇಳಿದ್ರೆ ತಲೆ ಕೆಟ್ಟೈತೆ ಅಂತಾರಮ್ಮ” ಎನ್ನುತ್ತಾರೆ. ಸ್ವಂತ ತಾಯಿಯಾದರೂ ಹೆಸರು ಕೇಳಿಯೇ ಚುಚ್ಚಬೇಕು ಎಂದು ಕಲಿತವರು ನಾವು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಅಳತೆ, ಸರಿಯಾದ ಹೊತ್ತು, ಸರಿಯಾದ ದಾರಿ. ಈ ಐದರಲ್ಲಿ ಮೊದಲನೆಯದಕ್ಕೇ ಇಲ್ಲಿ ಗತಿಯಿಲ್ಲ.

ರೋಗಿಗಳ ಮಣಿಕಟ್ಟಿಗೆ ಹೆಸರು ಬರೆದ ಬಟ್ಟೆಪಟ್ಟಿ ಕಟ್ಟುತ್ತೇನೆ ಎಂದೆ. ನಲ್ಲಪ್ಪನವರು “ಇದೇನು ದನದ ಸಂತೇನಾ?” ಎಂದರು. ಹಾಗಾದರೆ ಔಷಧಿ ಕೊಡುವಾಗ ಅನಸೂಯಮ್ಮನ ಹಿಂದೆ ಬಂದು ನಿಲ್ಲುತ್ತೇನೆ ಎಂದೆ. ಅದೂ ಬೇಡವಂತೆ, ಆ ಹೊತ್ತಿನಲ್ಲಿ ನಾನು ಔಷಧಿ ಕೋಣೆ ಬಿಟ್ಟು ಬರಕೂಡದಂತೆ.

ನಿನಗೂ ಒಂದು ನೇರ ಪ್ರಶ್ನೆ. ಬೇರೆಯವರು ತುಂಬಿಸಿದ್ದನ್ನು ನೀನು ಹೇಗೆ ಹಾಕುತ್ತೀಯ? ಒಳಗಿರುವುದು ನೀರೋ ವಿಷವೋ ನಿನಗೆ ಹೇಗೆ ಗೊತ್ತು? ಉತ್ತರ ಬರೆ.

ಅಶ್ವತ್ಥಮ್ಮ


ಗೌರಿಬಿದನೂರು
೨-೧೧-೧೯೫೯

ಅಶ್ವತ್ಥ,

ಕೋಪ ಮಾಡಿಕೊಳ್ಳಬೇಡ, ಹೆರಿಗೆಯ ಮೇಲೆ ಹೆರಿಗೆ, ಕೂತು ಕಾಗದ ಬರೆಯಲು ಪುರುಸೊತ್ತೇ ಇಲ್ಲ. ನೀನು ತುಂಬ ಯೋಚನೆ ಮಾಡುತ್ತೀ. ಹಾಸ್ಟೆಲಿನಲ್ಲೂ ಹಾಗೇ ಇದ್ದೆ, ಬೆಳಗಿನ ಜಾವ ಎದ್ದು ಬೀರುವಿನ ಬೀಗ ಹಾಕಿದೆಯೋ ಇಲ್ಲವೋ ಎಂದು ನೋಡಿ ಬರುತ್ತಿದ್ದೆ.

ಒಂದು ತಮಾಷೆ ಕೇಳು. ನಿಮ್ಮ ನಲ್ಲಪ್ಪನವರು ಇಲ್ಲಿಗೆ ಬಂದಿದ್ದರು! ಅವರ ಸೊಸೆಯ ತವರು ಈ ಕಡೆಯದಂತೆ, ಹೆರಿಗೆ ನಮ್ಮಲ್ಲೇ ಆಯಿತು, ಗಂಡುಮಗು. ಸೊಸೆಗೆ ನಾನು ಇಂಜೆಕ್ಷನ್ ಕೊಟ್ಟದ್ದನ್ನು ನೋಡಿ, “ಎಷ್ಟು ಹಗುರ ಕಣಮ್ಮ ನಿನ್ನ ಕೈ! ಯಾವೂರು, ಯಾರ ಪೈಕಿ?” ಎಂದು ಕೇಳಿದರು. ಕಳವಾರ, ವೆಂಕಟರಾಮಪ್ಪನವರ ಮಗಳು ಎಂದೆ. ಅಪ್ಪನ ಹೆಸರು ಅವರಿಗೆ ಗೊತ್ತಿತ್ತು. ತುಂಬ ಸಂತೋಷಪಟ್ಟರು. “ನಿನ್ನಂಥ ಕೈ ನಮ್ಮ ಆಸ್ಪತ್ರೆಗೆ ಬೇಕಿತ್ತು” ಎಂದೂ ಅಂದರು. ನಿನ್ನನ್ನೂ ಹೊಗಳಿದರು, ಕೆಲಸದಲ್ಲಿ ಬಲು ಚೊಕ್ಕ, ಬಾಯಿ ಮಾತ್ರ ಸ್ವಲ್ಪ ಜೋರು ಎಂದು. ನಾನು ಹೌದು ಹೌದು ಎಂದೆ.

ಅಮ್ಮ ಹುರಿಗಾಳು ಕಳಿಸಿದ್ದಾಳೆ, ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟಿದ್ದೇನೆ.

ರತ್ನ


ಶಿಡ್ಲಘಟ್ಟ
೧೮-೧-೧೯೬೦

ರತ್ನ,

ಆಗುತ್ತದೆ ಎಂದು ನಾನು ಬಾಯಿ ಬಡಿದುಕೊಂಡದ್ದೇ ಆಯಿತು.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ. ಚಳಿಗೆ ವಾರ್ಡಿನಲ್ಲಿ ಎಲ್ಲರೂ ಮುಖದ ತುಂಬ ಕಂಬಳಿ ಎಳೆದುಕೊಂಡು ಮಲಗಿದ್ದರು. ಉತ್ತರದ ಗೋಡೆ ಪಕ್ಕದ ಮಂಚ ಬಯ್ಯಪ್ಪನವರ ತಾಯಿಯದು. ಬಯ್ಯಪ್ಪ ನಲ್ಲಪ್ಪನವರ ಗೆಳೆಯರು, ತೋಟ ತುಡಿಕೆ ಇರುವವರು. ತಾಯಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿಲ್ಲ. ದಿನಾ ಬೆಳಿಗ್ಗೆ ಊಟಕ್ಕೆ ಮೊದಲು ಇನ್ಸುಲಿನ್. ಕಿಟಕಿ ಪಕ್ಕದ ಮಂಚದಲ್ಲಿ ಆದಿಲಕ್ಷ್ಮಮ್ಮ ಎಂಬ ಬಾಣಂತಿ. ಅವಳಿಗೆ ಜ್ವರಕ್ಕೆ ಪೆನಿಸಿಲಿನ್. ನಾನು ಎರಡನ್ನೂ ತುಂಬಿಸಿ, ಇದು ಗೋಡೆ ಮಂಚಕ್ಕೆ, ಇದು ಕಿಟಕಿ ಮಂಚಕ್ಕೆ ಎಂದು ಹೇಳಿ ತಟ್ಟೆ ಕೊಟ್ಟೆ.

ನಾನು ಸಿರಿಂಜು ಕುದಿಸುತ್ತಿದ್ದಾಗ ಒಳಗೆ ಬೇರೆಯೇ ನಡೆದಿತ್ತು. ಬಯ್ಯಪ್ಪ ಬಂದವರು, ತಾಯಿ ಉತ್ತರಕ್ಕೆ ತಲೆ ಹಾಕಿ ಮಲಗಿದ್ದನ್ನು ಕಂಡು ಕೂಗಾಡಿದರಂತೆ. ದಿಂಬನ್ನು ಈ ತುದಿಗೆ ಎತ್ತಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಗೋಡೆಯ ಮೇಲೆ ವೆಂಕಟರಮಣಸ್ವಾಮಿಯ ಪಟ ಇದೆ, ದೇವರ ಕಡೆಗೆ ಕಾಲು ಚಾಚುವುದು ಹೇಗೆ? ಆದ್ದರಿಂದ ಬಾಣಂತಿಯನ್ನು ಎಬ್ಬಿಸಿ ಗೋಡೆ ಮಂಚಕ್ಕೆ ಹಾಕಿ, ತಾಯಿಯನ್ನು ಕಿಟಕಿ ಮಂಚಕ್ಕೆ ತಂದು ಮಲಗಿಸಿದರು. ಬಾಣಂತಿಯ ತಲೆ ಉತ್ತರಕ್ಕಿದ್ದರೆ ಪರವಾಗಿಲ್ಲವಂತೆ, ಚಿಕ್ಕ ವಯಸ್ಸಂತೆ! ಅವಳ ಅತ್ತೆ ಬಯ್ಯಪ್ಪನವರ ಮುಂದೆ ಬಾಯಿ ಬಿಡಲಿಲ್ಲ.

ಇದಾವುದೂ ತಿಳಿಯದ ಅನಸೂಯಮ್ಮ ತಟ್ಟೆ ಹಿಡಿದು ಹೋದರು. ಕಂಬಳಿಯಿಂದ ಒಂದು ತೋಳನ್ನು ಹೊರಗೆ ಎಳೆದರು, ಚುಚ್ಚಿದರು, ಮುಂದಿನ ಮಂಚಕ್ಕೆ ಹೋದರು. ಹೆಸರು ಕೇಳಲಿಲ್ಲ. ಇನ್ಸುಲಿನ್ ಬಾಣಂತಿಯ ಮೈಗೆ ಹೋಯಿತು, ಅದೂ ಬರಿಹೊಟ್ಟೆಯಲ್ಲಿ.

ಸ್ವಲ್ಪ ಹೊತ್ತಿಗೆ ಒಳಗೆ ಗಲಾಟೆ. ಹುಡುಗಿ ನಡುಗುತ್ತಿದ್ದಾಳೆ, ಏನೇನೋ ಮಾತಾಡುತ್ತಿದ್ದಾಳೆ, ಗಾಳಿ ಸೋಕಿದೆ ಎಂದು ಅತ್ತೆ ಬೇವಿನಸೊಪ್ಪಿಗೆ ಓಡಿದರು. ನಾನು ಬಾಗಿಲಿನಿಂದಲೇ ನೋಡಿದೆ. ಆ ಚಳಿಯಲ್ಲಿ ಅವಳ ಹಣೆಯಿಂದ ಬೆವರು ಹರಿಯುತ್ತಿತ್ತು. ಇನ್ಸುಲಿನ್ ಇವಳಿಗೆ ಹೋಗಿ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ಗೊತ್ತಾಯಿತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗಡಿಗೆಯಿಂದ ನೀರು ಮೊಗೆದೆ, ಸಕ್ಕರೆ ಸುರಿದೆ, ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಚಮಚದಿಂದ ಕುಡಿಸಿದೆ. ಪುಣ್ಯಕ್ಕೆ ನುಂಗುವ ಶಕ್ತಿ ಇತ್ತು. ಡಾಕ್ಟರು ಓಡಿ ಬಂದು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗುವಿಗೆ ಹಾಲು ಕೊಟ್ಟಳು.

ಸಂಜೆ ನಲ್ಲಪ್ಪನವರ ಹತ್ತಿರ ದೂರು ಹೋಯಿತು. ಏನೆಂದು ದೂರು, ಹೇಳು ನೋಡೋಣ. ತಪ್ಪು ಸೂಜಿ ಬಿತ್ತು ಎಂದಲ್ಲ. ಮಂಚ ಬದಲಾಯಿಸಿದರು ಎಂದಲ್ಲ. ನರ್ಸು ಗಡಿಗೆ ಮುಟ್ಟಿ, ಬಾಣಂತಿಯ ಬಾಯಿಗೆ ನೀರು ಹಾಕಿದಳು ಎಂದು! ಗಡಿಗೆಯನ್ನು ಹೊರಗೆ ತಂದು ಒಡೆದರು. ನನ್ನ ಕಣ್ಣೆದುರಿಗೇ ಒಡೆದರು ರತ್ನ.

ಈಗ ನಲ್ಲಪ್ಪನವರು ಒಂದು ಕಾಗದ ಬರೆಸಿಟ್ಟಿದ್ದಾರೆ, ತುಂಬಿಸುವಾಗ ನಾನೇ ಸಿರಿಂಜು ಅದಲುಬದಲು ಮಾಡಿದೆ ಎಂದು. ರುಜು ಹಾಕಿದರೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರಂತೆ, ಇಲ್ಲದಿದ್ದರೆ ಮನೆಗಂತೆ. ರುಜು ಹಾಕಿದರೆ ನರ್ಸ್ ಎಂಬ ನನ್ನ ಹೆಸರಿಗೆ ಜೀವಮಾನಪೂರ್ತಿ ಮಸಿ. ಹಾಕುವುದಿಲ್ಲ ಎಂದೆ. ಆಗಿನಿಂದ ಬ್ಯಾಂಡೇಜ್ ಒಗೆಯುವ ಕೆಲಸಕ್ಕೆ ಹಾಕಿದ್ದಾರೆ. ಅಪ್ಪ ಬಂದು “ಬರ್ಕೊಟ್ಟುಬಿಡಮ್ಮ, ದೊಡ್ಡೋರ ಜೊತೆ ನಮಗ್ಯಾಕೆ” ಎಂದು ಅತ್ತರು. ಅಪ್ಪನ ಮೇಲೆ ನಾನು ಹಾಗೆ ಎಂದೂ ರೇಗಿರಲಿಲ್ಲ.

ಅಶ್ವತ್ಥಮ್ಮ


ಗೌರಿಬಿದನೂರು
೧೯-೧-೧೯೬೦

ನನ್ನ ಮುದ್ದು ದಫೇದಾರಳೇ,

ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಕುಣಿ! ನಿಮ್ಮ ನಲ್ಲಪ್ಪನವರು ಇವತ್ತು ಬೆಳಿಗ್ಗೆ ಕಾರಿನಲ್ಲಿ ಬಂದು ನನ್ನನ್ನು ಶಿಡ್ಲಘಟ್ಟಕ್ಕೆ ಕರೆದಿದ್ದಾರೆ. ಅನಸೂಯಮ್ಮನಿಗೆ ವಯಸ್ಸಾಯಿತಂತೆ, ಒಳ್ಳೆಯ ಕೈಗುಣದವರು ಬೇಕಂತೆ. ಲಕ್ಷ್ಮಿದೇವಮ್ಮ ಡಾಕ್ಟರನ್ನು ಅವರೇ ಒಪ್ಪಿಸಿದ್ದಾರೆ. ನಾನು ಎರಡನೇ ಮಾತಿಲ್ಲದೆ ಬರುತ್ತೇನೆ ಎಂದುಬಿಟ್ಟೆ.

ನೀನು ತುಂಬಿಸಿ ಕೊಡು, ನಾನು ಹಾಕಿ ಬರುತ್ತೇನೆ. ನೀನು ಅಳತೆಯಲ್ಲಿ ಘಟ್ಟಿ, ನಾನು ಮಾತಿನಲ್ಲಿ. ನಿನ್ನ ತಲೆನೋವಿಗೂ ಇದೇ ಮದ್ದು. ನಮ್ಮಿಬ್ಬರ ಜೋಡಿ ನೋಡಿ ಊರೇ ಬೆರಗಾಗಬೇಕು! ಅಮ್ಮನೂ ಖುಷಿಯಾಗಿದ್ದಾಳೆ. ಯುಗಾದಿ ಕಳೆದ ಕೂಡಲೇ ಟ್ರಂಕು ಸಮೇತ ಬರುತ್ತೇನೆ. ಒಂದೇ ಕೋಣೆ ಸಾಕು, ಹೇಳಿಡು.

ನಿನ್ನ
ರತ್ನ


ಶಿಡ್ಲಘಟ್ಟ
೨೪-೧-೧೯೬೦

ವೆಂಕಟರತ್ನಮ್ಮನವರಿಗೆ,

ನನ್ನ ಕಾಗದವೂ ನಿನ್ನದೂ ದಾರಿಯಲ್ಲಿ ಒಂದನ್ನೊಂದು ದಾಟಿ ಬಂದಿವೆ. ಈಗ ನನ್ನದನ್ನೂ ಓದಿರುತ್ತೀ. ಓದಿದ ಮೇಲೂ ಬರುವ ಮನಸ್ಸಿದ್ದರೆ ಇದನ್ನೂ ಓದಿಕೊಂಡು ಬಾ.

ನೀನು ಕೈಗುಣ ಕೈಗುಣ ಎಂದು ಕುಣಿಯುತ್ತಿರುವುದು ಏನು ಗೊತ್ತೆ? ಯಾವೂರು, ಯಾರ ಪೈಕಿ ಎಂದು ನಲ್ಲಪ್ಪನವರು ನಿನ್ನನ್ನು ಏಕೆ ಕೇಳಿದರು? ಕೈ ಹಗುರವಾಗಿದೆಯೋ ಇಲ್ಲವೋ ಎಂದು ತಿಳಿಯಲು ಅಪ್ಪನ ಹೆಸರು ಯಾಕೆ ಬೇಕು? ನಾನು ಕೇರಿಯವಳು. ನಮ್ಮಪ್ಪ ಮುನಿಗಂಗಪ್ಪ ಗೇಟು ದಾಟಿ ಒಳಗೆ ಬಾರದಿದ್ದುದು ನಾಚಿಕೆಯಿಂದ ಎಂದುಕೊಂಡೆಯಾ? ಟ್ಯೂಟರ್ ಸಿಸ್ಟರ್ ಐದು ಸರಿಗಳನ್ನು ಕಲಿಸಿದರು. ಇವರ ಹತ್ತಿರ ಆರನೆಯದೊಂದಿದೆ, ಸರಿಯಾದ ಜಾತಿ. ಉಳಿದ ಐದು ಹಾಳಾಗಿ ಹೋದರೂ ಚಿಂತೆಯಿಲ್ಲ, ಅದೊಂದು ಸರಿ ಇರಬೇಕು. ಬಾಣಂತಿ ಸತ್ತರೂ ಪರವಾಗಿಲ್ಲ, ಗಡಿಗೆ ಮಡಿಯಾಗಿರಬೇಕು!

ಕಕ್ಕಿದ್ದನ್ನು ಬಾಚಲು ನನ್ನ ಕೈ ಆಗುತ್ತದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ. ನೀನು ಅದನ್ನೂ ಓದಿ ನಕ್ಕೆ. ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಹೇಳದೆಯೂ ತಿಳಿಯುವ ಗೆಳತಿ ಒಬ್ಬಳಿದ್ದಾಳೆ ಎಂದು ನಂಬಿದ್ದೆ.

ಇನ್ನೊಂದು. ನಿಮ್ಮ ಕಳವಾರದ ಜಗಲಿ. ಬೆಟ್ಟದ ಗಾಳಿ ಬರಲಿ ಎಂದು ನಿನ್ನಮ್ಮ ನನ್ನನ್ನು ಅಲ್ಲಿ ಕೂರಿಸಲಿಲ್ಲ. ಎಲೆಯ ಮೇಲೆ ಎತ್ತರದಿಂದ ಬಡಿಸಿದರು. ಉಂಡ ಎಲೆಯನ್ನು ನಾನೇ ಎತ್ತಿ ಹಿತ್ತಲಿಗೆ ಹಾಕಿ, ಕೂತ ಜಾಗವನ್ನು ಸಗಣಿಯಿಂದ ಸಾರಿಸಿದೆ. ನೀನು ಒಳಗಿದ್ದೆ, ತಟ್ಟೆಯಲ್ಲಿ ಉಣ್ಣುತ್ತ “ಗಾಳಿ ಹೇಗಿದೆ ಕಣೇ” ಎಂದು ಕೂಗಿ ಕೇಳಿದೆ. ಚೆನ್ನಾಗಿದೆ ಎಂದೆ.

ಬರುವುದಾದರೆ ಬಾ. ನಿನ್ನ ಕೈಗೆ ಕೊಡಲು ನಾನು ಒಂದು ತೊಟ್ಟು ಔಷಧಿಯನ್ನೂ ತುಂಬಿಸುವುದಿಲ್ಲ. ಈ ಸಲ ನಿನ್ನಮ್ಮನಿಗೆ ನಮಸ್ಕಾರವಿಲ್ಲ.

ಅಶ್ವತ್ಥಮ್ಮ


ಗೌರಿಬಿದನೂರು
೨-೨-೧೯೬೦

ಅಶ್ವತ್ಥಮ್ಮ,

ನಿನ್ನ ಕಷ್ಟ ಓದಿ ಸಂಕಟವಾಯಿತು. ಆದರೆ ನಮ್ಮಮ್ಮನನ್ನು ಇದರಲ್ಲಿ ಎಳೆದು ತಂದದ್ದು ಸರಿಯಲ್ಲ. ನಿನಗೆ ಎಂದು ಕೋಳಿ ಕೊಯ್ದು ಅಡಿಗೆ ಮಾಡಿದವಳು ಅವಳು. ನಿನಗೆ ಹುರಿಗಾಳು ಕಳಿಸಿದವಳು. ಕೋಪದಲ್ಲಿ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡ.

ರತ್ನಮ್ಮ


ಗೌರಿಬಿದನೂರು
೧೦-೪-೧೯೬೦

ಅಶ್ವತ್ಥ,

ಎರಡು ತಿಂಗಳಿಂದ ನಿನಗೆ ಎಷ್ಟು ಕಾಗದ ಬರೆದು ಹರಿದೆನೋ. ಇದನ್ನು ಹರಿಯುವುದಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದೆ. ಅಮ್ಮ ಹೋಳಿಗೆ ತಟ್ಟುತ್ತಿದ್ದಳು. ಆವತ್ತು ಅಶ್ವತ್ಥಳನ್ನು ಜಗಲಿಯಲ್ಲಿ ಯಾಕೆ ಕೂರಿಸಿದೆ ಎಂದು ಕೇಳಿದೆ. ಗಾಳಿ ಬರಲೆಂದೇ ಕೂರಿಸಿದೆ ಎಂದು ಅವಳು ಹೇಳಲಿ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ಕೈಯ ಕೆಲಸ ಕೂಡ ನಿಲ್ಲಿಸಲಿಲ್ಲ. “ಮತ್ತಿನ್ನೇನು, ನಡುಮನೆಗೆ ಕರ್ದು ಮಣೆ ಹಾಕ್ಬೇಕಿತ್ತಾ? ಒಳ್ಳೇ ಹುಡುಗಿ ಕಣೇ ಅದು, ತಾನೇ ತಿಳ್ಕೊಂಡು ಸಾರ್ಸಿ ಹೋಯ್ತು” ಎಂದಳು. ನಿನ್ನನ್ನು ಹೊಗಳುತ್ತಿದ್ದಾಳೆ ಎಂದೇ ಅವಳು ತಿಳಿದಿದ್ದಾಳೆ. ಅವಳಿಗೆ ಏನು ಹೇಳಿದೆ ಎಂದು ಬರೆಯುವುದಿಲ್ಲ, ಜಗಳವಾಯಿತು, ನಾನು ಊಟ ಮಾಡದೆ ಬಸ್ಸು ಹತ್ತಿದೆ.

ನೀನು ಯಾರೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅದು ಲೆಕ್ಕಕ್ಕೇ ಇಲ್ಲ ಎಂದುಕೊಂಡಿದ್ದೆ. ಲೆಕ್ಕಕ್ಕಿಲ್ಲದ್ದು ನನ್ನೊಬ್ಬಳಿಗೆ ಮಾತ್ರ ಎಂದು ಹೊಳೆಯಲಿಲ್ಲ.

ನಲ್ಲಪ್ಪನವರಿಗೆ ಬರೆದು ಹಾಕಿದ್ದೇನೆ. ನಾನು ತುಂಬಿಸದ್ದನ್ನು ನಾನು ಚುಚ್ಚುವುದಿಲ್ಲ, ಅಶ್ವತ್ಥಮ್ಮ ತುಂಬಿಸಿದ್ದನ್ನು ಅಶ್ವತ್ಥಮ್ಮನೇ ಚುಚ್ಚಬೇಕು, ಇದಕ್ಕೆ ಒಪ್ಪಿಗೆಯಿದ್ದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು. ಯಾರ ಪೈಕಿ ಎಂಬುದು ಕೈಗುಣವಾದರೆ ಅಂಥ ಕೈಗುಣ ನನಗೆ ಬೇಡ ಎಂದೂ ಬರೆದೆ. ಉತ್ತರ ಬಂದಿಲ್ಲ. ಬರುವುದೂ ಇಲ್ಲ.

ನೀನು ಆಗಸ್ಟಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಹೋದ ವಾರದಿಂದ ಇಲ್ಲೂ ನಾನು ಬೇರೆಯವರು ತುಂಬಿಸಿದ್ದನ್ನು ಮುಟ್ಟುತ್ತಿಲ್ಲ. ಪ್ರತಿಯೊಬ್ಬರ ಹೆಸರು ಕೇಳುತ್ತೇನೆ. ಲಕ್ಷ್ಮಿದೇವಮ್ಮ ಡಾಕ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಆಗಲಿ ಎಂದರು. ಹೆಂಗಸರು ಮಾತ್ರ “ರತ್ನಮ್ಮ ಮೊದಲಿನ ಹಂಗಿಲ್ಲ, ಕೈಗುಣ ಹೋಯ್ತು” ಎಂದು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ.

ನಿನ್ನ ಕೆಲಸ ಉಳಿದಿದೆಯೋ ಹೋಗಿದೆಯೋ ಅದೂ ನನಗೆ ಗೊತ್ತಿಲ್ಲ. ಎರಡು ಸಾಲು ಬರೆ. ಬಯ್ಯುವುದಾದರೂ ಸರಿ.

ರತ್ನ


ಶಿಡ್ಲಘಟ್ಟ
೨೬-೪-೧೯೬೦

ರತ್ನ,

ಬಯ್ಯಲು ಇವತ್ತು ಶಕ್ತಿಯಿಲ್ಲ, ಇನ್ನೊಂದು ದಿನ ಬಯ್ಯುತ್ತೇನೆ.

ನಿನ್ನ ಕಾಗದವನ್ನು ನಲ್ಲಪ್ಪನವರು ನನ್ನನ್ನು ಕರೆಸಿ ಮುಖದ ಮುಂದೆ ಹಿಡಿದರು. “ಏನಮ್ಮ, ನೀನೇ ಹೇಳಿ ಬರೆಸಿದ್ದಾ ಇದು?” ಎಂದರು. ಇಲ್ಲ ಸಾರ್, ಆಕೆಯೂ ಅದೇ ಸ್ಕೂಲಿನಲ್ಲಿ ಓದಿದವಳು ಎಂದೆ. ನಿನ್ನ ಕೊನೆಯ ಸಾಲನ್ನು ಅಲ್ಲೇ ನಿಂತು ಎರಡು ಸಲ ಓದಿದೆ.

ನೀನು ಬರುತ್ತೀಯೆಂದು ಇಷ್ಟು ದಿನ ಹೇಗೋ ದೂಡಿದ್ದರು. ಅನಸೂಯಮ್ಮ ಸಂಕ್ರಾಂತಿಯ ಆ ದಿನದಿಂದ ಸಿರಿಂಜು ಮುಟ್ಟಿಲ್ಲ. ನಲ್ಲಪ್ಪನವರು ಗದರಿದರೆ “ನಾ ವಲ್ಲ ಕಾದಯ್ಯಾ, ನನ್ ಕೈಲಿ ಆಗಲ್ಲ, ಆ ಮಗಾ ಸತ್ತೋಗಿದ್ರೆ?” ಎಂದು ಗೋಳೋ ಎಂದು ಅಳುತ್ತಾರೆ. ಡಾಕ್ಟರೇ ಗೊಣಗುತ್ತ ಎಲ್ಲರಿಗೂ ಕೊಡುತ್ತಿದ್ದರು. ನಾನು ಕಲ್ಲಿನ ಮೇಲೆ ಬ್ಯಾಂಡೇಜ್ ಒಗೆಯುತ್ತಿದ್ದೆ. ಸಿರಿಂಜು ಅದಲುಬದಲು ಮಾಡಿದೆ ಎಂದು ಬರೆಸಿದ ಆ ಕಾಗದ ಅವರ ಮೇಜಿನ ಮೇಲೆ, ನನ್ನ ರುಜು ಇಲ್ಲದೆ.

ನಿನ್ನೆ ರಾತ್ರಿ ಡಾಕ್ಟರು ಜ್ವರ ಬಂದು ಮಲಗಿದರು. ಬಯ್ಯಪ್ಪನವರ ತಾಯಿ ಕಾಲಿನ ಹುಣ್ಣಿಗೆ ಮತ್ತೆ ಬಂದು ಸೇರಿದ್ದಾರೆ, ಇನ್ಸುಲಿನ್ ಹೊತ್ತು ಮೀರುವ ಹಾಗಿಲ್ಲ. ಇವತ್ತು ಬೆಳಿಗ್ಗೆ ನಲ್ಲಪ್ಪನವರು ಒಗೆಯುವ ಕಲ್ಲಿನ ಹತ್ತಿರ ಬಂದು, ಎಲ್ಲೋ ನೋಡುತ್ತ, “ತುಂಬಿಸಿ ಕೊಡಮ್ಮ, ಬಯ್ಯಪ್ಪನೇ ಹಾಕ್ತಾನೆ ಅವನ ತಾಯಿಗೆ” ಎಂದರು. ಕೇಳಿದೆಯಾ? ಎತ್ತಿಗೆ ಸೂಜಿ ಹಾಕಿ ಅಭ್ಯಾಸ ಇದೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. “ನಾನು ತುಂಬಿಸಿದರೆ ನಾನೇ ಹಾಕ್ತೀನಿ ಸಾರ್. ಬೇಡ ಅಂದ್ರೆ ಇನ್ನೊಬ್ಬ ನರ್ಸನ್ನ ಕರೆಸಿ. ಆಕೆ ಏನು ಬರೆದಿದ್ದಾಳೆ ನಿಮಗೇ ಗೊತ್ತು” ಎಂದೆ. “ಅದೇನು ಮಾಡ್ತೀಯೋ ಮಾಡು” ಎಂದು ಪಂಚೆ ಎತ್ತಿಕೊಂಡು ಹೊರಟರು.

ಕೈ ತೊಳೆದೆ. ಟೋಪಿ ಹಾಕಿದೆ. ಸಿರಿಂಜು ಕುದಿಸಿ, ತುಂಬಿಸಿ, ತಟ್ಟೆಯನ್ನು ನಾನೇ ಹಿಡಿದು ವಾರ್ಡಿಗೆ ಹೋದೆ. ಇಡೀ ವಾರ್ಡು ಎದ್ದು ಕೂತಿತು. ಮುದುಕಿ ನನ್ನನ್ನು ನೋಡಿದ ಕೂಡಲೇ ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

“ನಿಮ್ಮ ಹೆಸರೇನಮ್ಮ?” ಎಂದೆ.

ಬಯ್ಯಪ್ಪ ಎದ್ದು, “ಏನಮ್ಮ ನಿಂದು, ನಮ್ಮಮ್ಮ ಅಂತ ಗೊತ್ತಿಲ್ವಾ ನಿಂಗೆ?” ಎಂದು ಗುಡುಗಿದರು.

“ನಿಮಗೆ ಅಮ್ಮ. ನನಗೆ ಹೆಸರು ಬೇಕು.”

ನಿಂತೇ ಇದ್ದೆ. ಬಾಗಿಲಲ್ಲಿ ಅನಸೂಯಮ್ಮ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ಬಯ್ಯಪ್ಪ ಮತ್ತೆ ಏನೋ ಹೇಳಲು ಹೊರಟರು, ತಾಯಿಯ ಕಾಲಿನ ಹುಣ್ಣು ನೋಡಿ ಹಾಗೇ ಕೂತುಬಿಟ್ಟರು. ಕೊನೆಗೆ ಸೆರಗಿನೊಳಗಿನಿಂದ, ಸಿಟ್ಟಿನಲ್ಲೇ, ಒಂದು ದನಿ ಬಂತು.

“ಅಕ್ಕಯ್ಯಮ್ಮ.”

ಆಮೇಲೆ ತೋಳು ಈ ಕಡೆ ಬಂತು. ಮುಖ ಬರಲಿಲ್ಲ, ಗೋಡೆಗೇ ಇತ್ತು. ನಾನು ಚರ್ಮ ಒರೆಸಿ ಚುಚ್ಚಿದೆ.

ನಾಳೆ ಬೆಳಿಗ್ಗೆ ಮತ್ತೆ ಹೆಸರು ಕೇಳುತ್ತೇನೆ.

ನಿನ್ನ
ಅಶ್ವತ್ಥ